ರೋಮನ್ ಪ್ರಾಂತಗಳ ಬೆಳ್ಳಿಯ ನಾಣ್ಯಗಳೂ ಅವುಗಳ ಕಿಲುಬೂ

ರೋಮನ್ ಚಕ್ರಾಧಿಪತ್ಯವು ಆಳ್ವಿಕೆಯಲ್ಲಿ ಒಂದಾಗಿದ್ದರೂ ನಾಣ್ಯದ ವಿಷಯದಲ್ಲಿ ಒಂದಾಗಿರಲಿಲ್ಲ. ಪಶ್ಚಿಮದ ಪ್ರಾಂತಗಳಲ್ಲಿ ಡಿನೇರಿಯಸ್ ಎಂಬ ಬೆಳ್ಳಿಯ ನಾಣ್ಯವು ಸಲ್ಲುತ್ತಿದ್ದಿತು. ಗ್ರೀಕ್ ಭಾಷೆಯು ರೂಢಿಯಲ್ಲಿದ್ದ ಪೂರ್ವದ ಪ್ರಾಂತಗಳಲ್ಲಾದರೋ ಹಿಂದಣ ಅರಸರ ಕಾಲದ ದ್ರಾಕ್ಮವೂ ಅದರ ನಾಲ್ಮಡಿಯಾದ ಟೆಟ್ರಾಡ್ರಾಕ್ಮವೂ ಚಕ್ರವರ್ತಿಯ ಮುಖಮುದ್ರೆಯನ್ನು ಹೊತ್ತು ಮುಂದುವರಿದುವು. ಸಂಸ್ಕೃತದ ದೀನಾರ, ದ್ರಮ್ಮ ಎಂಬ ಶಬ್ದಗಳು ಈ ಡಿನೇರಿಯಸ್, ದ್ರಾಕ್ಮಗಳಿಂದಲೇ ಬಂದವು. ಸಿರಿಯಾದ ಅಂತಿಯೋಕ್ ನಗರದ ನಾಣ್ಯದಲ್ಲಿ ಹದ್ದು, ಕಪ್ಪದೋಕಿಯದ ಸಿಸರಿಯ ನಗರದ ನಾಣ್ಯದಲ್ಲಿ ಅರ್ಗೇಯಸ್ ಪರ್ವತ, ಟ್ರೇಜನ್ ಚಕ್ರವರ್ತಿಯು ಕ್ರಿ. ಶ. 106ರಲ್ಲಿ ವಶಪಡಿಸಿಕೊಂಡ ಅರೇಬಿಯಾ ಪ್ರಾಂತದ ನಾಣ್ಯದಲ್ಲಿ ಒಂಟೆ—ಹೀಗೆ ಆಯಾ ನಾಡಿನ ಲಾಂಛನವು ಕಾಣುವುದರಿಂದ ಸಂಗ್ರಾಹಕರಿಗೆ ಇವುಗಳಲ್ಲಿ ವಿಶೇಷವಾದ ಆದರವಿರುವುದು. ಆದರೆ ನೆಲದಿಂದ ಹೊರಬರುವಾಗ ಇವು ಬೆಳ್ಳಿಯಂತೆ ತೋರುವುದು ಅಪೂರ್ವ. ಹಸುರು, ಕೆಂಪು, ಕಪ್ಪು ಬಣ್ಣಗಳ ಪದರವೊಂದು ಅವನ್ನು ಮುಚ್ಚಿಕೊಂಡಿರುವುದು. ಈ ಪದರವು ಬರಿಯ ಕೊಳೆಯೋ, ಇಲ್ಲವೆ ಇದೂ ಚರಿತ್ರೆಗೆ ಒಂದು ಪ್ರಮಾಣವೋ ಎಂಬುದು ವಿಚಾರಾರ್ಹವಾಗಿದೆ.

ಇದಕ್ಕೆ ಈಜಿಪ್ಟಿನ ನಾಣ್ಯವೇ ತಕ್ಕ ದೃಷ್ಟಾಂತ. ಕ್ರಿ. ಪೂ. 30ರಲ್ಲಿ ಆ ದೇಶವು ರೋಮಿನ ಅಧೀನವಾದ ಮೇಲೆಯೂ ಅಲ್ಲಿನ ವ್ಯವಹಾರವು ಅಲ್ಲಿಯ ನಾಣ್ಯದಿಂದಲೇ ನಡೆಯಬೇಕೆಂಬ ಕಟ್ಟಳೆಯಿದ್ದಿತು. ಟೈಬೀರಿಯಸನ ಏಳನೆಯ ವರ್ಷದಲ್ಲಿ, ಎಂದರೆ ಕ್ರಿ. ಶ. 20–21ರಲ್ಲಿ, ಅಲೆಕ್ಸಾಂಡ್ರಿಯದ ಟಂಕಸಾಲೆಯು ಟೆಟ್ರಾಡ್ರಾಕ್ಮವನ್ನು ಮತ್ತೆ ಹೊಡೆಯಲಾರಂಭಿಸಿತು. ಅದಕ್ಕೆ ಒಂದು ಡಿನೇರಿಯಸಿನ ಬೆಲೆಯೆಂದು ಗೊತ್ತುಮಾಡಲಾಗಿದ್ದಿತು. ನೀರೋವಿನ ಕಾಲದಲ್ಲಿ ಇವು ಅಪಾರ ಸಂಖ್ಯೆಯಲ್ಲಿ ಹೊರಬಿದ್ದುವು. ಆಗ ಸುಮಾರು 13 ಗ್ರಾಂ ತೂಕದ ನಾಣ್ಯದಲ್ಲಿ ಬೆಳ್ಳಿಯು ಆರರಲ್ಲಿ ಒಂದು ಪಾಲಿನಷ್ಟು ಮಾತ್ರವಿದ್ದಿತು. ಡಯೋಕ್ಲೀಷಿಯನ್ನನ ಕಾಲಕ್ಕೆ, ಮೂರನೆಯ ಶತಮಾನದ ಕೊನೆಯಲ್ಲಿ, ಈ ನಾಣ್ಯವು ನಿಂತುಹೋಗುವ ಹೊತ್ತಿಗೆ ಅದರಲ್ಲಿ ಬೆಳ್ಳಿಯು ಹೆಸರಿಗೆ ಮಾತ್ರ ಉಳಿದಿದ್ದಿತು. ಇಂತಹ ನಾಣ್ಯದ ಬೆಲೆಯು ಲೋಹದಲ್ಲಿರದೆ ಸರ್ಕಾರದ ಮಾತಿನಲ್ಲಿದ್ದುದರಿಂದ ಹೊರನಾಡಿನಲ್ಲಿ ಅದನ್ನು ಕೇಳುವವರಿರಲಿಲ್ಲ. ಆದುದರಿಂದಲೇ ಈಜಿಪ್ಟಿನ ಕೆಂಪು ಸಮುದ್ರದ ರೇವುಗಳಿಂದ ಹೊರಟ ಹಡಗುಗಳು ಭರತಖಂಡಕ್ಕೆ ತಂದುದು ಡಿನೇರಿಯಸುಗಳನ್ನು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ದೊರೆತ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳು ಈ ಜಾತಿಯವೇ.

ಬೆಳ್ಳಿಗೆ ತಾಮ್ರವನ್ನು ಬೆರೆಸುವುದು ತಾನಾಗಿ ಮೋಸವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಬೆಳ್ಳಿಯ ನಾಣ್ಯಕ್ಕೆ ನಾಲ್ಕನೆಯ ಒಂದು ಪಾಲು ತಾಮ್ರವು ವಿಹಿತವಾಗಿದೆ. ಆದರೆ ಈ ಎರಡು ಲೋಹಗಳು ನೆಲದೊಳಗೆ ಒಂದೇ ರೀತಿಯಾಗಿ ನಡೆದುಕೊಳ್ಳುವುದಿಲ್ಲ. ತೇವವೂ ಉಪ್ಪೂ ಸೋಕಿದೊಡನೆ ಮೊದಲು ಕರಗುವುದು ತಾಮ್ರ. ಅದು ಲೋಹಕ್ಕೆ ತಗುಲಿದಂತೆ ಕೆಂಪು ಪದರವಾಗಿಯೂ ಅದರ ಮೇಲೆ ಹಸುರು ಕಿಲುಬಾಗಿಯೂ ನಿಲ್ಲುವುದು. ಬೆಳ್ಳಿಯು ಗಂಧಕದ ಸಂಪರ್ಕದಿಂದ ಕಪ್ಪಾಗುವುದು. ಉಪ್ಪಿನ ನೆಲದಲ್ಲಿ ಬಹುಕಾಲವಿದ್ದರೆ ಕೊಂಬಿನಂತೆ ಮೆತ್ತಗಿನ ಬೂದು ಬಣ್ಣದ ಸಿಲ್ವರ್ ಕ್ಲೋರೈಡ್ ಆಗುವುದು. ಅಂತು, ಬೆಳ್ಳಿಯೆನಿಸಿಕೊಂಡ ನಾಣ್ಯದ ಮೇಲಿನ ದಟ್ಟವಾದ ಹಸುರು ಅದರೊಳಗಿನ ತಾಮ್ರವನ್ನು ಹೊರಗೆಡಹುತ್ತದೆ.

ಹೊಳೆಯುವ ಮುಖವಾದರೋ ಸುಳ್ಳು ಹೇಳುವುದುಂಟು. ಟಂಕಸಾಲೆಯವರು ಅಚ್ಚೊತ್ತುವ ಮುನ್ನ ಬಿಲ್ಲೆಯನ್ನು ಕಾಯಿಸಿ ಹುಳಿಯಲ್ಲಿ ಅದ್ದಿ ಮೇಲ್ಮೈಯ ತಾಮ್ರವನ್ನು ತೆಗೆದುಬಿಡುತ್ತಿದ್ದರು. ಉಳಿದುದನ್ನು ನೆಲವು ತೆಗೆಯುತ್ತಿದ್ದಿತು. ಇದರಿಂದ ಹೊರಮೈಯಲ್ಲಿ ಬೆಳ್ಳಿಯು ಹೆಚ್ಚಾಗಿ, ಒಳಗೆ ಕಡಿಮೆಯಾಗಿ ಉಳಿಯುವುದು. ಪಂಡಿತರೂ ಇದರಿಂದ ದಾರಿತಪ್ಪಿದುದುಂಟು. ವಾಕರ್ ಎಂಬ ವಿದ್ವಾಂಸರು 1976–78ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕ್ಷ-ಕಿರಣಗಳಿಂದ ಮೇಲ್ಮೈಯನ್ನು ಪರೀಕ್ಷಿಸಿ, ಕ್ರಿ. ಶ. 64ರಲ್ಲಿ ನೀರೋ ಸುಧಾರಿಸಿದ ಡಿನೇರಿಯಸಿನಲ್ಲಿ ನೂರಕ್ಕೆ ಸುಮಾರು 93 ಪಾಲು ಬೆಳ್ಳಿಯಿದೆಯೆಂದು ಗಣಿಸಿದರು. ಬುಚರ್ ಮತ್ತು ಪಾಂಟಿಂಗ್ ಎಂಬವರು ನಾಣ್ಯದ ಅಂಚಿನಲ್ಲಿ ಸಣ್ಣ ರಂಧ್ರವನ್ನು ಕೊರೆದು ಒಳಗಣ ಲೋಹವನ್ನು ಪರೀಕ್ಷಿಸಲು ಅದು ಸುಮಾರು 80 ಎಂದೇ ತಿಳಿದುಬಂದಿತು. ಅವರ ಗ್ರಂಥವು 2014ರಲ್ಲಿ ಹೊರಬಿದ್ದಿತು. ಒಂದು ಸಾಮ್ರಾಜ್ಯದ ಹಣಕಾಸಿನ ಚರಿತ್ರೆಯೇ ಈ ವ್ಯತ್ಯಾಸದಿಂದ ಬೇರೆಯಾಗುವುದು.

ಇಷ್ಟನ್ನು ತಿಳಿದ ಮೇಲೆ, ಮನೆಯ ಪಾತ್ರೆಯಂತೆ ಹುಣಿಸೆಹಣ್ಣು, ಬೂದಿ, ನಿಂಬೆಯ ರಸಗಳಿಂದ ಪ್ರಾಚೀನ ನಾಣ್ಯವನ್ನು ತಿಕ್ಕುವುದು ಎಂತಹ ಅನರ್ಥವೆಂಬುದು ವಾಚಕರಿಗೆ ವಿಶದವಾಗುವುದು. ಅನೇಕ ವೇಳೆ ಅಕ್ಷರಗಳ ಮೂಲರೂಪವು ಲೋಹದಲ್ಲಿ ಉಳಿದಿರದೆ ಕಿಲುಬಿನ ಪದರದಲ್ಲಿಯೇ ಉಳಿದಿರುವುದು. ಅಲೆಕ್ಸಾಂಡ್ರಿಯದ ನಾಣ್ಯದಲ್ಲಿ ಆಳ್ವಿಕೆಯ ವರ್ಷವನ್ನು ಗ್ರೀಕ್ ಅಕ್ಷರಗಳಿಂದ ಸೂಚಿಸಿರುವರು. ಕಟಪಯಾದಿ ಕ್ರಮವನ್ನು ಬಲ್ಲವರಿಗೆ ಅಕ್ಷರದಿಂದ ಅಂಕೆಯನ್ನು ಹೇಳುವುದು ಹೊಸದಲ್ಲ. ಅಯೋಟ ಎಂದರೆ 10, ಆಲ್ಫ ಎಂದರೆ 1. ಎರಡೂ ಇದ್ದರೆ ನೀರೋವಿನ 11ನೆಯ ವರ್ಷ, ಕ್ರಿ. ಶ. 64–65. ತಿಕ್ಕುವಾಗ ಆಲ್ಫವು ಅಳಿಸಿಹೋದರೆ ಅದೇ ನಾಣ್ಯವು 10ನೆಯ ವರ್ಷದ್ದಾಗಿ, ರೋಮಿನಲ್ಲಿ ಸುಧಾರಣೆಯು ನಡೆದ ಕಾಲಕ್ಕೆ ಹಿಂದೆ ಸರಿಯುವುದು.

ಹಾಗೆಂದು ಎಲ್ಲ ಕಿಲುಬನ್ನೂ ಬಿಡತಕ್ಕದ್ದೆಂದಲ್ಲ. ತಿಳಿಹಸುರಾದ ಪುಡಿಯು ಉದುರುತ್ತಿದ್ದರೆ ಅದು ತಾಮ್ರದ ಕ್ಲೋರೈಡಿನ ಕಾರ್ಯ. ಪಾಶ್ಚಾತ್ಯರು ಇದನ್ನು ಕಂಚಿನ ರೋಗವೆಂದು ಕರೆಯುವರು. ತೇವದ ಗಾಳಿಯಲ್ಲಿ ಅದು ಲೋಹವನ್ನು ತಿನ್ನುತ್ತಲೇ ಹೋಗುವುದರಿಂದ ಬಲ್ಲವರಿಂದ ಚಿಕಿತ್ಸೆಯಾಗಲೇಬೇಕು. ಉಳಿದುದಕ್ಕೆ ಅವಸರವು ಸಲ್ಲದು. ಮಣ್ಣನ್ನು ಬಟ್ಟಿಯಿಳಿಸಿದ ನೀರಿನಲ್ಲಿ ನೆನೆಯಿಟ್ಟು ಸಡಿಲಿಸಬಹುದು. ಬೇಕಾದಲ್ಲಿ ಮಾತ್ರ ಸೂಕ್ಷ್ಮದರ್ಶಕದ ಕೆಳಗೆ ಮೆಲ್ಲನೆ ಬಿಡಿಸಬಹುದು. ಕಾಲಾಂತರದಲ್ಲಿ ಇಂತಹ ಬೆಳ್ಳಿಯು ಪೆಡಸಾಗುವುದರಿಂದ ಬಾಗಿಸಿದರೆ ಮುರಿದೀತು. ಉಣ್ಣೆಯೂ ರಬ್ಬರೂ ಗಂಧಕವನ್ನು ಸೂಸುವುದರಿಂದ ಅವುಗಳ ಹತ್ತಿರ ಇರಿಸಬಾರದು; ಒಣಗಿದ ಸ್ಥಳವೇ ಉತ್ತಮ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ವಸ್ತುಗಳನ್ನು ಲಂಡನ್ನಿನ ನೆಲಮಾಳಿಗೆಯ ಸುರಂಗಗಳಲ್ಲಿ ಇರಿಸಿದಾಗ ತೇವದಿಂದ ಅನೇಕ ವಸ್ತುಗಳು ಕೆಟ್ಟುವು. ಅವನ್ನು ಉಳಿಸಲೆಂದೇ ಅಲೆಕ್ಸಾಂಡರ್ ಸ್ಕಾಟ್ ಎಂಬ ರಸಾಯನಶಾಸ್ತ್ರಜ್ಞರ ಕೈಯಲ್ಲಿ ಅಲ್ಲಿನ ಪ್ರಯೋಗಶಾಲೆಯು ಹುಟ್ಟಿಕೊಂಡಿತು.

ಆದುದರಿಂದ ನಾಣ್ಯವು ಕೈಸೇರಿದೊಡನೆ ಮಾಡತಕ್ಕ ಮೊದಲ ಕೆಲಸವು ತೊಳೆಯುವುದಲ್ಲ. ಅದರ ತೂಕ, ಅಳತೆ, ದೊರೆತ ಸ್ಥಳ, ಕಿಲುಬಿನ ಬಣ್ಣ ಇವುಗಳನ್ನು ಬರೆದಿಟ್ಟು, ಎರಡು ಮುಖಗಳ ಛಾಯಾಚಿತ್ರವನ್ನೂ ತೆಗೆದಿಡತಕ್ಕದ್ದು. ಕಿಲುಬನ್ನು ನಾಳೆಯೂ ತೆಗೆಯಬಹುದು. ತೆಗೆದುದನ್ನು ಮರಳಿ ಇಡುವ ಉಪಾಯವು ಯಾರಲ್ಲಿಯೂ ಇಲ್ಲ.