ಕುದುರೆ ಇಳಿದ ಬಂದರು

ಇತಿಹಾಸದ ಪಾಠದಲ್ಲಿ ರಾಯಚೂರು ಯುದ್ಧ ಬಂದಿತೆಂದರೆ ನನಗೆ ಎಲ್ಲಿಲ್ಲದ ಹುರುಪು. 1520ನೆಯ ಇಸವಿ, ನಮ್ಮದೇ ಜಿಲ್ಲೆಯ ಕೋಟೆ, ಒಂದು ಕಡೆ ಕೃಷ್ಣದೇವರಾಯ, ಇನ್ನೊಂದು ಕಡೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ಅಷ್ಟೊಂದು ಕುದುರಿ ಎಲ್ಲಿಂದ ಬಂದಿದ್ವುರಿ?” ಎಂದ. ಅರಬಸ್ತಾನದಿಂದ ಎಂದೆ. “ಸಮುದ್ರ ಹೆಂಗ ದಾಟಿದ್ವುರಿ?” ಎಂದ. “ಹಡಗಿನಾಗ. ಕೂಡ್ರು” ಎಂದು ಬಾಯಿ ಮುಚ್ಚಿಸಿದೆ. ಕೃಷ್ಣೆ ತುಂಗಭದ್ರೆಯರ ನಡುವೆ ಹುಟ್ಟಿ ಬೆಳೆದ ನಾನು ಆಗಿನ್ನೂ ಸಮುದ್ರವನ್ನು ಕಂಡವಳೇ ಅಲ್ಲ.

ಆ ಪ್ರಶ್ನೆಯ ಋಣ ತೀರಿದ್ದು ಕಳೆದ ಡಿಸೆಂಬರಿನಲ್ಲಿ. ಶಿಕ್ಷಕಿಯರು ಕೆಲವರು ಸೇರಿ ಕರಾವಳಿ ಪ್ರವಾಸ ಹೊರಟೆವು. ಮಂಗಳೂರಿನ ಬಂದರಿಗೆ ವಿಹಾರದ ದೊಡ್ಡ ಹಡಗುಗಳಲ್ಲಿ ಪ್ರವಾಸಿಗರು ಬಂದಿಳಿಯುತ್ತಾರಂತೆ. ನಮ್ಮದು ಬಾಡಿಗೆ ಬಸ್ಸು. ಮುರುಡೇಶ್ವರಕ್ಕೆ ಹೋಗುವ ದಾರಿಯಲ್ಲಿ ಭಟ್ಕಳದ ಬಂದರನ್ನು ನೋಡೋಣವೆಂದು ನಾನೇ ಹಟ ಹಿಡಿದೆ. “ಮೀನಿನ ವಾಸನೆ ಕುಡಿಯೋಕ ಹೋಗಬೇಕೇನ್ರಿ?” ಎಂದು ಗೆಳತಿಯರು ಗೊಣಗಿದರು. ಒಂದು ಗಂಟೆಯ ಸಮಯ ಸಿಕ್ಕಿತು.

ಶರಾಬಿ ಹೊಳೆ ಸಮುದ್ರ ಸೇರುವ ಕಡೆ ದೋಣಿಗಳು ಒತ್ತೊತ್ತಾಗಿ ನಿಂತಿದ್ದವು. ಬಲೆ, ಮಂಜುಗಡ್ಡೆ, ಬುಟ್ಟಿ, ಕಾಗೆಗಳ ಗದ್ದಲ. ವಿಜಯನಗರದ ಹೆಬ್ಬಾಗಿಲು ಇದೇ ಎಂದರೆ ನಂಬುವುದು ಕಷ್ಟ. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಕಂಡ ಪೋರ್ಚುಗೀಸ್ ಬರಹಗಾರ ಬಾರ್ಬೋಸ, ಹೊರ್ಮುಜ್‌ನ ಹಡಗುಗಳು ಇಲ್ಲಿಗೆ ಕುದುರೆ ತಂದು ಅಕ್ಕಿ, ಸಕ್ಕರೆ, ಕಬ್ಬಿಣ ತುಂಬಿಕೊಂಡು ಹೋಗುತ್ತಿದ್ದುದನ್ನು ಬರೆದಿದ್ದಾನೆ. ಇಲ್ಲಿಳಿದ ಸರಕು ಹೇರೆತ್ತುಗಳ ಬೆನ್ನೇರಿ ಘಟ್ಟ ಹತ್ತುತ್ತಿತ್ತು. ಅರಬ್ ವರ್ತಕರ ನಂಟಿನಿಂದ ಬೆಳೆದ ನವಾಯತರು ಇಂದಿಗೂ ಈ ಊರಿನಲ್ಲಿ ತಮ್ಮ ನವಾಯತಿ ಮಾತನ್ನು ಉಳಿಸಿಕೊಂಡಿದ್ದಾರೆ.

ಕುದುರೆ ವ್ಯಾಪಾರಿಯಾಗಿದ್ದ ನೂನಿಜ್ ಎಂಬ ಪೋರ್ಚುಗೀಸನ ಬರಹ ಇನ್ನೂ ಸ್ವಾರಸ್ಯಕರ. ಸಾಳುವ ನರಸಿಂಹ ಮೂರು ಕುದುರೆಗೆ ಸಾವಿರ ವರಹದಂತೆ ಕೊಳ್ಳುತ್ತಿದ್ದನಂತೆ. ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಪೂರ್ತಿ ಹಣ ಕೊಡುತ್ತಿದ್ದನಂತೆ! 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಈ ವ್ಯಾಪಾರವನ್ನು ಅತ್ತ ಎಳೆದುಕೊಂಡರು. ರಾಯಚೂರು ಯುದ್ಧಕ್ಕೆ ಅವನು ಹೇಳುವ ನೆಪವೂ ಕುದುರೆಯದೇ. ಗೋವೆಯಿಂದ ಕುದುರೆ ತರಲೆಂದು ಕೃಷ್ಣದೇವರಾಯ ವರ್ತಕನೊಬ್ಬನಿಗೆ 40,000 ವರಹ ಕೊಟ್ಟ. ಅವನು ಹಣದೊಂದಿಗೆ ಆದಿಲ್ ಶಾನ ರಾಜ್ಯಕ್ಕೆ ಓಡಿಹೋದ. ಆಳನ್ನೂ ಹಣವನ್ನೂ ಒಪ್ಪಿಸದಿದ್ದಾಗ ರಾಯ ದಂಡು ಹೊರಡಿಸಿದ. ಕೊನೆಗೆ ನಮ್ಮ ಕೋಟೆಯ ಮುತ್ತಿಗೆಯಲ್ಲಿ ಪೋರ್ಚುಗೀಸ್ ಬಂದೂಕುಗಾರರೂ ನೆರವಾದರು. ನಮ್ಮ ಒಣನೆಲದ ಕಾಳಗದ ಬೇರು ಸಮುದ್ರದ ದಂಡೆಯಲ್ಲಿತ್ತು.

ಇದನ್ನೆಲ್ಲ ಗೆಳತಿಯರಿಗೆ ಹೇಳುತ್ತಿದ್ದೆ. ಮಂಜುಗಡ್ಡೆ ಹೊರುತ್ತಿದ್ದ ಹುಡುಗನೊಬ್ಬ ನಿಂತು ಕೇಳಿದ: “ನೀವು ರಾಯಚೂರು ಕಡೀಯವರೇನ್ರಿ?”

“ಮಾನ್ವಿ. ನಿಂದು ಯಾವೂರೋ ತಮ್ಮಾ?”

“ದೇವದುರ್ಗ ತಾಲೂಕ್ರಿ. ನಿಮ್ಮ ಮಾತು ಕೇಳಿದ ಕೂಡ್ಲೆ ಗೊತ್ತಾತ್ರಿ.”

ಸಾಲಿ ಎಷ್ಟು ಕಲಿತಿ ಎಂದೆ. ಏಳನೆತ್ತಕ್ಕೆ ಬಿಟ್ಟನಂತೆ. ಮಳೆ ಕೈಕೊಟ್ಟ ವರ್ಷ ಅಪ್ಪನ ಸಾಲ ತೀರಿಸಲು ಬಂದವನು ಇಲ್ಲೇ ಉಳಿದ. ದೋಣಿಯಲ್ಲಿ ಅಂಜಿಕೆ ಆಗುವುದಿಲ್ಲವೇ ಎಂದದ್ದಕ್ಕೆ, “ಮೊದಮೊದಲು ಬರೇ ವಾಂತಿರಿ. ಈಗ ರೂಢಿ ಆಗ್ಯದ” ಎಂದು ನಕ್ಕ. ಕುದುರೆಯ ಕಥೆ ಹೇಳಿದರೆ, “ಈ ಮೀನು ಬಂದರಾಗ ಕುದುರೀನ?” ಎಂದು ಮತ್ತೂ ನಕ್ಕ. ಯಾರೋ ಕೂಗಿದರು, ಓಡಿದ.

ಬಸ್ಸಿನಲ್ಲಿ ಕೂತ ಮೇಲೆ ನನಗೆ ಮಾತು ಹೊರಡಲಿಲ್ಲ. ಅಂದು ಈ ದಂಡೆಯಿಂದ ಕುದುರೆಗಳು ಘಟ್ಟ ಹತ್ತಿದವು. ಇಂದು ನಮ್ಮ ಹುಡುಗರು ಘಟ್ಟ ಇಳಿಯುತ್ತಿದ್ದಾರೆ. ಸತ್ತ ಕುದುರೆಯ ಬಾಲಕ್ಕೂ ಒಂದು ಲೆಕ್ಕವಿತ್ತು. ಇಂಥ ಹುಡುಗನ ಹೆಸರಿನ ಮೇಲೆ ನಾವು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುತ್ತೇವೆ, ಮುಂದಿನ ಹೆಸರು ಕೂಗುತ್ತೇವೆ.

ಈ ವರ್ಷ ಪಾಠ ಮಾಡುವಾಗ ಗೋಡೆಯ ನಕಾಶೆಯಲ್ಲಿ ಭಟ್ಕಳದಿಂದ ರಾಯಚೂರಿನವರೆಗೆ ಬೆರಳೆಳೆದು ಕುದುರೆಗಳ ದಾರಿ ತೋರಿಸಿದೆ. ಮುಂದಿನ ಸಾಲಿನ ಹುಡುಗಿ ಮೆಲ್ಲಗೆ ಕೈ ಎತ್ತಿದಳು. “ಟೀಚರ್, ನಮ್ಮಣ್ಣ ಆ ಕಡೀಗೇ ದುಡಿಯಾಕ ಹೋಗ್ಯಾನ್ರಿ.”

ಈ ಸಲ ನಾನು ಅವಳನ್ನು “ಕೂಡ್ರು” ಎನ್ನಲಿಲ್ಲ. ನಕಾಶೆಯ ಹತ್ತಿರ ಕರೆದು, ಅಣ್ಣ ಹೋದ ಊರನ್ನು ಅವಳಿಂದಲೇ ಹುಡುಕಿಸಿದೆ.