ಪಾದದ ಶಸ್ತ್ರಚಿಕಿತ್ಸೆಯಲ್ಲಿ ನರತಡೆ ಅರಿವಳಿಕೆ

ನರತಡೆ ಅರಿವಳಿಕೆಯು ನರಗಳ ಸುತ್ತ ಸ್ಥಳೀಯ ಅರಿವಳಿಕೆ ಮದ್ದನ್ನು ಚುಚ್ಚಿ, ಅವು ಸಂವೇದನೆ ನೀಡುವ ಭಾಗವನ್ನು ಮಾತ್ರ ಮರಗಟ್ಟಿಸುವ ವಿಧಾನವಾಗಿದೆ. ಪಾದ ಮತ್ತು ಪಾದದ ಕೀಲಿನ ಶಸ್ತ್ರಚಿಕಿತ್ಸೆಗಳಲ್ಲಿ ಇದನ್ನು ಬಳಸುತ್ತಾರೆ. ರೋಗಿಯು ಎಚ್ಚರವಾಗಿ ಅಥವಾ ಲಘು ಮಂಪರಿನಲ್ಲಿದ್ದು, ತಾನಾಗಿಯೇ ಉಸಿರಾಡುತ್ತಾನೆ.

ನರಗಳು

ಪಾದಕ್ಕೆ ಐದು ನರಗಳು ಸಂವೇದನೆ ಒದಗಿಸುತ್ತವೆ:

• ಟಿಬಿಯಲ್ ನರ – ಅಂಗಾಲು
• ಸೂರಲ್ ನರ – ಪಾದದ ಹೊರ ಅಂಚು
• ಮೇಲ್ಪದರದ ಪೆರೋನಿಯಲ್ ನರ – ಪಾದದ ಮೇಲ್ಭಾಗ
• ಆಳದ ಪೆರೋನಿಯಲ್ ನರ – ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ನಡುವಣ ಸಂದು
• ಸಫೀನಸ್ ನರ – ಪಾದದ ಒಳಬದಿ

ಮೊದಲ ನಾಲ್ಕು ಸಯಾಟಿಕ್ ನರದ ಕವಲುಗಳು. ಸಫೀನಸ್ ಮಾತ್ರ ತೊಡೆಯ ಫೀಮೋರಲ್ ನರದ ಕವಲು.

ವಿಧಾನಗಳು

ಆಂಕಲ್ ಬ್ಲಾಕ್‌ನಲ್ಲಿ ಈ ನರಗಳನ್ನು ಪಾದದ ಕೀಲಿನ ಮಟ್ಟದಲ್ಲಿ ತಡೆಯಲಾಗುತ್ತದೆ. ಬೆರಳು ತೆಗೆಯುವುದು, ಕೊಳೆತ ಭಾಗವನ್ನು ಶುಚಿಗೊಳಿಸುವುದು ಮೊದಲಾದ ಪಾದದ ಮುಂಭಾಗದ ಚಿಕಿತ್ಸೆಗಳಿಗೆ ಇದು ಸಾಕು. ಕೀಲಿನ ಮೂಳೆ ಮುರಿತಕ್ಕೆ ಇದು ಸಾಲದು. ಆಗ ಮೊಣಕಾಲಿನ ಹಿಂಭಾಗದಲ್ಲಿ ಸಯಾಟಿಕ್ ನರವನ್ನೂ, ಅದರ ಜೊತೆಗೆ ಸಫೀನಸ್ ನರವನ್ನೂ ತಡೆಯುತ್ತಾರೆ. ಸೂಜಿಯ ತುದಿಯನ್ನು ನೋಡುತ್ತ ಚುಚ್ಚಲು ಅಲ್ಟ್ರಾಸೌಂಡ್ ನೆರವಾಗುತ್ತದೆ.

ಮದ್ದುಗಳು

1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ ಲಿಗ್ನೊಕೇನ್ ಬೇಗ ಕೆಲಸಮಾಡಿ ಬೇಗ ಇಳಿಯುತ್ತದೆ. 1957ರಲ್ಲಿ ಬಂದ ಬುಪಿವಕೇನ್ ನಿಧಾನವಾಗಿ ಆರಂಭವಾದರೂ ಹಲವು ಗಂಟೆ ನೋವು ತಡೆಯುತ್ತದೆ.

ಪ್ರಾಮುಖ್ಯ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯಂತಹ ಕೃಷಿಪ್ರಧಾನ ತಾಲ್ಲೂಕುಗಳಲ್ಲಿ ಮಧುಮೇಹಿಯು ಬರಿಗಾಲಿನಲ್ಲಿ ದುಡಿಯುವಾಗ ಮುಳ್ಳು ಚುಚ್ಚಿದ್ದು ತಿಳಿಯದೆ ಗಾಯ ಕೊಳೆಯಬಹುದು. ಇಂತಹ ರೋಗಿಗಳಲ್ಲಿ ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯೂ ಇದ್ದರೆ ಪೂರ್ಣ ಅರಿವಳಿಕೆಯ ಅಪಾಯ ಹೆಚ್ಚುತ್ತದೆ. ಆಗ ನರತಡೆ ಉಪಯುಕ್ತ ಆಯ್ಕೆಯಾಗುತ್ತದೆ. ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 1961ರಲ್ಲಿ ಆರಂಭವಾಯಿತು.

ಅಪಾಯಗಳು ಮತ್ತು ಎಚ್ಚರಿಕೆ

ಮದ್ದು ರಕ್ತನಾಳಕ್ಕೆ ಸೇರಿದರೆ ಅಥವಾ ಪ್ರಮಾಣ ಮೀರಿದರೆ ಬಾಯಿಯ ಸುತ್ತ ಜೋಮು, ಕಿವಿಯಲ್ಲಿ ಗುಂಯ್‌ಗುಡುವಿಕೆ, ಸೆಳವು, ಕೊನೆಗೆ ಹೃದಯಸ್ತಂಭನವೂ ಸಂಭವಿಸಬಹುದು. ಆದ್ದರಿಂದ ತೂಕಕ್ಕೆ ತಕ್ಕಂತೆ ಪ್ರಮಾಣ ನಿಗದಿಪಡಿಸಿ, ಶೇ. 20ರ ಕೊಬ್ಬಿನ ದ್ರಾವಣವನ್ನು ಸಿದ್ಧವಾಗಿಡುತ್ತಾರೆ. ಸೋಂಕು ತಗುಲಿದ ಚರ್ಮದ ಮೂಲಕ ಚುಚ್ಚುವುದಿಲ್ಲ. ನರಕ್ಕೆ ಶಾಶ್ವತ ಹಾನಿ ಅಪರೂಪ. ಪೆಟ್ಟಾದ ಕಾಲಿನ ಸ್ನಾಯುಗಳಲ್ಲಿ ಒತ್ತಡ ಹೆಚ್ಚುತ್ತಿದ್ದರೆ ಅದರ ನೋವನ್ನು ಮರಗಟ್ಟುವಿಕೆ ಮರೆಮಾಚಬಹುದು. ಸ್ಪರ್ಶಜ್ಞಾನ ಮರಳುವವರೆಗೆ ರೋಗಿಯು ಆ ಕಾಲೂರಿ ನಡೆಯಬಾರದು. ಅದಕ್ಕೆ ಬಿಸಿನೀರಿನ ಶಾಖ ಕೊಡಬಾರದು.