ನೆರಡಿಯ ಗುರುತು

ಹಳ್ಳಿಯಲ್ಲಿ ಎತ್ತು ಸತ್ತ ದಿನ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಇದು ಅಲಂಕಾರದ ಮಾತಲ್ಲ. ಪಶುವೈದ್ಯನಾಗಿ ಮೂವತ್ತು ವರ್ಷಕ್ಕೂ ಮಿಕ್ಕು ಬಯಲುಸೀಮೆಯಲ್ಲಿ ತಿರುಗಿದ ನಾನು ಕಣ್ಣಾರೆ ಕಂಡದ್ದು. ಅಂಥ ಮನೆಯ ಅಂಗಳದಲ್ಲಿ ನಿಂತವನಿಗೆ ಎದುರಾಗುವ ಪ್ರಶ್ನೆ ಒಂದೇ: “ಏನು ಬೇನೆ, ಸ್ವಾಮಿ?” ಚಪ್ಪೆಯೋ, ಗಳಲೆಯೋ, ನೆರಡಿಯೋ? ನಿನ್ನೆ ಸಂಜೆ ಮೇವು ತಿಂದ ದನ ಬೆಳಗಾಗುವಷ್ಟರಲ್ಲಿ ಉಬ್ಬಿ ಬಿದ್ದಿದ್ದರೆ, ಬರಿಗಣ್ಣಿನಿಂದ ನೋಡಿ ಉತ್ತರ ಹೇಳುವುದು ಸುಲಭವಲ್ಲ. ಆದರೆ ಆ ಉತ್ತರದ ಮೇಲೆಯೇ ಉಳಿದ ದನಗಳ ಜೀವ ನಿಂತಿರುತ್ತದೆ. ಕೆಲವೊಮ್ಮೆ ಮನುಷ್ಯರ ಜೀವವೂ ಸಹ.

ನಾನು ಒಮ್ಮೆ ಆ ಉತ್ತರವನ್ನು ತಪ್ಪಾಗಿ ಹೇಳಿದೆ. ಕೆಲಸಕ್ಕೆ ಸೇರಿದ ಹೊಸತು. ಹಿಂದಿನ ರಾತ್ರಿ ಸತ್ತ ಎತ್ತಿನ ಕಿವಿಯ ನರದಿಂದ ಒಂದು ಹನಿ ರಕ್ತ ತೆಗೆದು, ಎರಡು ಗಾಜಿನ ಪಟ್ಟಿಗಳ ಮೇಲೆ ಸವರಿಕೊಂಡು ಬಂದೆ. ಒಂದಕ್ಕೆ ಅದೇ ವಾರ ಕಲಸಿದ ಮೆಥಿಲೀನ್ ನೀಲಿಯ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀಲಿ ಕಡ್ಡಿಗಳೇನೋ ಕಂಡವು. ನೆರಡಿಯ ಗುರುತೆಂದು ನಾವು ಕಲಿತಿದ್ದ ನಸುಗೆಂಪು ಅಂಚು ಮಾತ್ರ ಕಾಣಲಿಲ್ಲ. ಸತ್ತ ಮೇಲೆ ಕರುಳಿನಿಂದ ರಕ್ತಕ್ಕೆ ಹಬ್ಬುವ ಕೊಳೆಯ ಕಡ್ಡಿಗಳೆಂದು ತೀರ್ಮಾನಿಸಿ, ಚರ್ಮ ಸುಲಿಯಲು ಅಡ್ಡಿಯಿಲ್ಲವೆಂದು ಹೇಳಿಕಳಿಸಿದೆ. ಒಂಬತ್ತನೆಯ ದಿನ ಸುಲಿದವನು ಮುಂಗೈ ಚಾಚಿಕೊಂಡು ಬಂದ. ಅದರ ಮೇಲೊಂದು ಹುಣ್ಣು. ನಡುವೆ ಇದ್ದಿಲಿನಂಥ ಕಪ್ಪು ಹಕ್ಕಳೆ. ನೋವಿಲ್ಲವೆಂದು ನಗುತ್ತಿದ್ದ. ಗ್ರೀಕ್ ಭಾಷೆಯಲ್ಲಿ ‘ಆಂಥ್ರಾಕ್ಸ್’ ಎಂದರೆ ಇದ್ದಿಲು ಎಂದೇ ಅರ್ಥ. ಪೆನಿಸಿಲಿನ್ ಅವನನ್ನು ಉಳಿಸಿತು. ಉಳಿದಿದ್ದ ಇನ್ನೊಂದು ಗಾಜಿಗೆ, ನೆರೆಯೂರಿನ ಹಿರಿಯ ಸಹೋದ್ಯೋಗಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕುಳಿತಿದ್ದ ಹಳೆಯ ಬಣ್ಣ ಹಾಕಿ ನೋಡಿದೆ. ಕಡ್ಡಿಗಳ ಸುತ್ತ ನಸುಗೆಂಪು ಸ್ಪಷ್ಟವಾಗಿ ಹರಡಿತ್ತು.

ಈ ತಪ್ಪಿನ ಬೇರು ಎಲ್ಲಿದೆಯೆಂದು ಹುಡುಕುತ್ತ ಹೊರಟವನಿಗೆ ಸಿಕ್ಕಿದ್ದು ಒಂದು ದೀರ್ಘವಾದ ಇತಿಹಾಸ.

೧೮೫೦ರಲ್ಲಿ ಪ್ಯಾರಿಸ್ಸಿನ ರೇಯೇ ಮತ್ತು ದಾವೆನ್ ಎಂಬ ವೈದ್ಯರು ನೆರಡಿಯಿಂದ ಸತ್ತ ಕುರಿಯ ರಕ್ತದಲ್ಲಿ, ರಕ್ತಕಣದ ಎರಡರಷ್ಟು ಉದ್ದದ ನೂಲಿನಂಥ ಕಡ್ಡಿಗಳನ್ನು ಕಂಡು ಬರೆದರು. ಜರ್ಮನಿಯ ಪೊಲೆಂಡರ್ ೧೮೪೯ರಲ್ಲಿಯೇ ಅವನ್ನು ನೋಡಿದ್ದರೂ ೧೮೫೫ರವರೆಗೆ ಪ್ರಕಟಿಸಲಿಲ್ಲ. ಕಂಡದ್ದು ಬೇರೆ, ಅದರ ಅರ್ಥ ತಿಳಿದದ್ದು ಬೇರೆ. ಹುದುಗುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣವೆಂದು ಪಾಶ್ಚರ್ ೧೮೬೧ರಲ್ಲಿ ಬರೆದುದನ್ನು ಓದಿದ ಮೇಲೆ ದಾವೆನ್‌ಗೆ ತನ್ನ ಹಳೆಯ ಕಡ್ಡಿಗಳ ನೆನಪಾಯಿತು. ೧೮೬೩ರಲ್ಲಿ ಆತ ಮತ್ತೆ ಪ್ರಯೋಗಕ್ಕಿಳಿದು, ಈ ಕಡ್ಡಿಗಳೇ ರೋಗದ ಮೂಲವೆಂದು ಸಾರಿದ.

ಆದರೆ ೧೮೬೫ರಲ್ಲಿ ಜಾಯ್ಯಾರ್ ಮತ್ತು ಲಪ್ಲಾ ಎಂಬಿಬ್ಬರು ಇದಕ್ಕೆ ಅಡ್ಡಬಂದರು. ನೆರಡಿಯಿಂದ ಸತ್ತ ಹಸುವಿನ ರಕ್ತವನ್ನು ಅವರು ಮೊಲಗಳಿಗೆ ಚುಚ್ಚಿದರು. ಮೊಲಗಳು ಸತ್ತವು, ಅವುಗಳ ರಕ್ತದಲ್ಲಿ ಮಾತ್ರ ದಾವೆನ್‌ನ ಕಡ್ಡಿಗಳಿರಲಿಲ್ಲ. ಕಡ್ಡಿಯಿಲ್ಲದೆಯೂ ಸಾವು ಬಂತು, ಅಂದಮೇಲೆ ಕಡ್ಡಿ ಕಾರಣವಲ್ಲ ಎಂಬುದು ಅವರ ವಾದ. ನೀವು ಕೊಟ್ಟದ್ದು ನೆರಡಿಯನ್ನಲ್ಲ, ಬೇರೊಂದು ರೋಗವನ್ನು ಎಂದು ದಾವೆನ್ ಉತ್ತರ ಕೊಟ್ಟ. ಮಾತು ನಿಜವಾಗಿತ್ತು, ಆದರೆ ಅದನ್ನು ರುಜುವಾತುಪಡಿಸುವ ಸಾಧನ ಆತನ ಕೈಯಲ್ಲಿರಲಿಲ್ಲ.

ಮುಂದಿನ ಹೆಜ್ಜೆಯಿಟ್ಟವನು ದೊಡ್ಡ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಲ್ಲ. ಈಗ ಪೋಲೆಂಡಿಗೆ ಸೇರಿರುವ ವೋಲ್‌ಸ್ಟೈನ್ ಎಂಬ ಸಣ್ಣ ಊರಿನಲ್ಲಿ ಸರಕಾರಿ ಡಾಕ್ಟರಾಗಿದ್ದ ರಾಬರ್ಟ್ ಕೋಖ್. ಕೋಖ್ ಮರದ ಚಿಕ್ಕ ಸಿಬಿರುಗಳನ್ನು ಕಾಯಿಸಿ ಶುದ್ಧಮಾಡಿ, ಸತ್ತ ಪ್ರಾಣಿಯ ರಕ್ತದಲ್ಲಿ ಅದ್ದಿ, ಇಲಿಗಳ ಬಾಲದ ಬುಡದಲ್ಲಿ ಸೇರಿಸಿದ. ಒಂದು ಇಲಿಯಿಂದ ಇನ್ನೊಂದಕ್ಕೆ ಹೀಗೆ ಇಪ್ಪತ್ತು ತಲೆ ದಾಟಿಸಿದರೂ ಕಡೆಯ ಇಲಿಯಲ್ಲಿ ಅದೇ ಕಡ್ಡಿಗಳು ಇದ್ದವು. ಬಳಿಕ ದನದ ಕಣ್ಣಿನೊಳಗಿನ ತಿಳಿನೀರಿನ ಒಂದು ಹನಿಯಲ್ಲಿ ಅವನ್ನು ಬೆಳೆಸಿ, ಗಂಟೆಗಟ್ಟಲೆ ನೋಡುತ್ತ ಕುಳಿತ. ಕಡ್ಡಿ ಉದ್ದನೆಯ ನೂಲಾಯಿತು; ನೂಲಿನೊಳಗೆ ಮಣಿಗಳಂತೆ ಹೊಳೆಯುವ ಬೀಜಾಣುಗಳು ಮೂಡಿದವು; ಬೀಜಾಣು ಮತ್ತೆ ಕಡ್ಡಿಯಾಯಿತು. ೧೮೭೬ರ ಏಪ್ರಿಲ್ ೩೦ರಂದು ಬ್ರೆಸ್ಲಾವಿಗೆ ಹೋಗಿ ಸಸ್ಯಶಾಸ್ತ್ರಜ್ಞ ಫರ್ಡಿನಾಂಡ್ ಕೋನ್‌ನ ಮುಂದೆ ಇದನ್ನೆಲ್ಲ ಪ್ರದರ್ಶಿಸಲಾರಂಭಿಸಿದ. ಆ ವರ್ಷವೇ ಕೋನ್ ತನ್ನ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದ.

ಒಂದು ಹೊಲದಲ್ಲಿ ವರ್ಷ ಬಿಟ್ಟು ವರ್ಷ ದನ ಸಾಯುವುದೇಕೆ ಎಂಬ ರೈತನ ಹಳೆಯ ಒಗಟಿಗೆ ಉತ್ತರ ಸಿಕ್ಕಿದ್ದು ಹೀಗೆ. ಬೀಜಾಣು ಮಣ್ಣಿನಲ್ಲಿ ದಶಕಗಟ್ಟಲೆ ಬದುಕಬಲ್ಲದು. ಅದು ಹುಟ್ಟಬೇಕಾದರೆ ಗಾಳಿ ಬೇಕು. ನೆರಡಿಯ ಸಂದೇಹವಿದ್ದ ಹೆಣವನ್ನು ಕೊಯ್ಯಬಾರದು, ಸುಡಬೇಕು ಇಲ್ಲವೆ ಆಳವಾಗಿ ಹೂಳಬೇಕು ಎಂದು ನಾವು ಬಡಿದುಕೊಳ್ಳುವುದು ಈ ಕಾರಣಕ್ಕೆ. ಹೆಣ ಕೊಯ್ದವನು ರೋಗವನ್ನು ಮಣ್ಣಿಗೆ ಬಿತ್ತಿದಂತೆ.

ಇಷ್ಟಾದರೂ ಮೊಲಗಳ ತಕರಾರು ಬಗೆಹರಿದಿರಲಿಲ್ಲ. ಅದನ್ನು ಬಿಡಿಸಿದವನು ಪಾಶ್ಚರ್. ೧೮೭೭ರಲ್ಲಿ ಆತ ಶಾರ್ತ್ರ್ ಪಟ್ಟಣಕ್ಕೆ ಹೋಗಿ, ಸತ್ತು ಬೇರೆ ಬೇರೆ ಹೊತ್ತಾಗಿದ್ದ ಪ್ರಾಣಿಗಳ ರಕ್ತವನ್ನು ಹೋಲಿಸಿ ನೋಡಿದ. ಆಗತಾನೆ ಸತ್ತ ಕುರಿಯಲ್ಲಿ ನೆರಡಿಯ ಕಡ್ಡಿ ಮಾತ್ರ ಇತ್ತು. ಹೆಚ್ಚು ಹೊತ್ತು ಬಿದ್ದಿದ್ದ ಹೆಣಗಳಲ್ಲಿ ಇನ್ನೊಂದು ಜೀವಿ ಸೇರಿಕೊಂಡಿತ್ತು: ಗಾಳಿಯನ್ನು ಸಹಿಸದ, ಕರುಳಿನಿಂದ ಹೊರಟು ಬರುವ ಕಡ್ಡಿ. ಜಾಯ್ಯಾರ್ ಮತ್ತು ಲಪ್ಲಾರ ಮೊಲಗಳನ್ನು ಕೊಂದದ್ದು ಅದು. ಹನ್ನೆರಡು ವರ್ಷ ಇತ್ಯರ್ಥವಾಗದೆ ಉಳಿದ ಜಗಳ ಇಷ್ಟೇ: ಎರಡು ಕಡ್ಡಿಗಳನ್ನು ಒಂದೇ ಎಂದುಕೊಂಡದ್ದು.

ಓದುಗರೇ, ನಾನು ಮಾಡಿದ ತಪ್ಪು ಈ ತಪ್ಪಿನ ತಿರುಗುಮುರುಗು. ಅವರು ಕೊಳೆಯ ಕಡ್ಡಿಯನ್ನು ನೆರಡಿಯೆಂದು ಬಗೆದರು. ನಾನು ನೆರಡಿಯನ್ನು ಕೊಳೆಯೆಂದು ಬಗೆದೆ.

ಪ್ರಯೋಗಶಾಲೆಯಿಲ್ಲದ ಪಶುವೈದ್ಯನಿಗೆ ಈ ಎರಡನ್ನು ಬೇರ್ಪಡಿಸಿ ಕೊಟ್ಟವನು ಲಂಡನ್ನಿನ ಪಶುವೈದ್ಯ ಜಾನ್ ಮೆಕ್‌ಫೇಡಿಯನ್. ೧೯೦೩ರಲ್ಲಿ ಆತ ಬರೆದದ್ದು ಬಹು ಸರಳವಾದ ಸಂಗತಿ. ಮೆಥಿಲೀನ್ ನೀಲಿಯಲ್ಲಿ ಅದ್ದಿದಾಗ ನೆರಡಿಯ ಕಡ್ಡಿ ನೀಲಿಯಾಗುತ್ತದೆ, ಅದರ ಕವಚವಾದರೋ ನಸುಗೆಂಪಾಗುತ್ತದೆ. ಕೊಳೆಯ ಕಡ್ಡಿಗಳಿಗೆ ಆ ಕವಚವಿಲ್ಲ. ಆದರೆ ಬಣ್ಣ ಹಳತಾಗಿರಬೇಕು. ಕಾಲ ಕಳೆದಂತೆ ಗಾಳಿ ತಾಗಿ ಮೆಥಿಲೀನ್ ನೀಲಿಯ ಒಂದಂಶ ಅಜೂರ್ ಎಂಬ ಬೇರೆ ಬಣ್ಣಗಳಾಗಿ ಮಾರ್ಪಡುತ್ತದೆ; ಕವಚವನ್ನು ಕೆಂಪಾಗಿಸುವುದು ಅವೇ. ಉಪ್ಪಿನಕಾಯಿಯಂತೆ ಮಾಗದ ಬಣ್ಣ ಸುಳ್ಳು ಹೇಳುತ್ತದೆ. ನನ್ನ ಹೊಸ ಸೀಸೆ ಅಂದು ಹೇಳಿದ್ದು ಅಂಥ ಸುಳ್ಳನ್ನು. ಅದನ್ನು ಪರೀಕ್ಷಿಸದೆ ನಂಬಿದ್ದು ನನ್ನ ದೋಷ.

ಆ ಕವಚದ ಕಥೆ ಅಲ್ಲಿಗೇ ಮುಗಿಯಲಿಲ್ಲ. ದೇಹದ ರಕ್ಷಣಾಕಣಗಳು ನುಂಗದಂತೆ ಕಡ್ಡಿಯನ್ನು ಕಾಯುವುದು ಅದೇ ಕವಚ. ೧೯೩೦ರ ದಶಕದಲ್ಲಿ ದಕ್ಷಿಣ ಆಫ್ರಿಕದ ಮ್ಯಾಕ್ಸ್ ಸ್ಟರ್ನ್, ಕವಚವನ್ನು ಕಳೆದುಕೊಂಡ ನೆರಡಿಯ ತಳಿಯೊಂದನ್ನು ಆರಿಸಿ ಲಸಿಕೆ ಮಾಡಿದ. ಇಂದಿಗೂ ದನಗಳಿಗೆ ಹಾಕುವ ನೆರಡಿ ಲಸಿಕೆ ಬಹುಪಾಲು ಅದೇ ತಳಿಯದು.

ನಮ್ಮ ದೇಶಕ್ಕೂ ಈ ಕಥೆಯ ಎಳೆಯೊಂದುಂಟು. ೧೮೮೯ರಲ್ಲಿ ಪುಣೆಯಲ್ಲಿ ಪಶುರೋಗಗಳ ಅಧ್ಯಯನಕ್ಕೆಂದು ಆರಂಭವಾದ ಪ್ರಯೋಗಶಾಲೆ ೧೮೯೩ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ೧೮೯೭ರಲ್ಲಿ ಕೋಖ್ ಸ್ವತಃ ಅಲ್ಲಿಗೆ ಬಂದುಹೋದ.

ಈಗ ಜೀನುಗಳನ್ನೇ ಗುರುತಿಸಿ ಕೆಲವು ಗಂಟೆಗಳಲ್ಲಿ ನೆರಡಿಯನ್ನು ಪತ್ತೆಹಚ್ಚುವ ಉಪಾಯವುಂಟು. ಸಂತೋಷವೇ. ಆದರೆ ಮಾದರಿ ಪಟ್ಟಣ ಸೇರಿ ಉತ್ತರ ಬರುವವರೆಗೆ ಹೆಣ ಅಂಗಳದಲ್ಲಿ ಬಿದ್ದಿರುತ್ತದೆ, ಚರ್ಮದ ಬೆಲೆ ರೈತನ ಕಣ್ಣ ಮುಂದಿರುತ್ತದೆ. ಅಂಥ ಹೊತ್ತಿನಲ್ಲಿ ನಾನು ಕಲಿತ ಮಾತು ಒಂದೇ: ಖಚಿತವಾಗಿ ಅಲ್ಲವೆಂದು ತಿಳಿಯುವ ತನಕ ಅದು ನೆರಡಿಯೇ.

ಆ ಮುಂಗೈಯವನು ಅನೇಕ ವರ್ಷ ಬದುಕಿದ. ಸಂತೆಯಲ್ಲಿ ಸಿಕ್ಕಾಗಲೆಲ್ಲ ತೋಳು ಮಡಿಸಿ ಆ ಕಲೆ ತೋರಿಸಿ, ನನ್ನಿಂದ ಬದುಕಿದೆನೆಂದು ನಾಲ್ಕು ಜನರ ಮುಂದೆ ಹೇಳುತ್ತಿದ್ದ. ಆ ಕಲೆ ಬಂದದ್ದೂ ನನ್ನಿಂದಲೇ ಎಂದು ಅವನಿಗೆ ಹೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ.